ಕಿತ್ತುಕೊಂಡ ಪಟ್ಟಿ

"ನಮ್ಮಜ್ಜ ಪಲ್ಟನ್‌ನ್ಯಾಗ ಏನ್ ಕದ್ದಿದ್ದ ಅಂತ ಬರದಾರ್ರೀ ಇದರಾಗ?" ದಿಗಂಬರ ಹೊಸ್ತಿಲಲ್ಲೇ ನಿಂತು ಕೇಳಿದ. ಸಾಕ್ಷಿ ಚಾಚಿದ ಕಾಗದವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಒಳಗೆ ಬರ್ರಿ ಎಂದೂ ಅನ್ನಲಿಲ್ಲ.

ಸಾಕ್ಷಿ ತನ್ನ ಅಜ್ಜಿ ಕಾಶವ್ವನ ಕಡೆ ನೋಡಿದಳು. ಎಂಬತ್ತೊಂದರ ಆ ಮುದುಕಿ ಬೆಳಗಾವಿಯ ರಾಮತೀರ್ಥ ನಗರದಿಂದ ಖಾನಾಪುರಕ್ಕೆ, ಬೋರ್ಡಿನ ಅಕ್ಷರಗಳಿಗೆ ಯಾರೋ ಮಸಿ ಬಳಿದಿದ್ದ ಬಸ್ಸಿನಲ್ಲಿ ಕೂತು ಬಂದಿದ್ದಳು. ಬಳಿದವರು ಈ ಭಾಷೆಯವರೋ ಆ ಭಾಷೆಯವರೋ, ಅವಳು ಕೇಳಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ ಮಾತು. ಸಾವಿರದ ಒಂಬೈನೂರಾ ನಲವತ್ನಾಲ್ಕರಲ್ಲಿ, ಇಟಲಿಯ ಯುದ್ಧದಲ್ಲಿ ಗುಂಡು ತಗುಲಿ ಸತ್ತ ಅಪ್ಪ ಗುರುಪುತ್ರಪ್ಪನನ್ನು ಸುಟ್ಟರೋ, ಹೂತರೋ? ಕೊರಳಲ್ಲಿ ಲಿಂಗವಿದ್ದವನನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಬೇಕು. ಅವಳ ಅವ್ವ ಇದನ್ನೇ ಕೇಳುತ್ತ ಕಣ್ಣು ಮುಚ್ಚಿದ್ದಳು. ಯುದ್ಧಸಮಾಧಿಗಳ ಕಚೇರಿಯಿಂದ ಹೋದ ವರ್ಷ ಬಂದ ಉತ್ತರದಲ್ಲಿ ಮೂರೇ ಮಾತಿದ್ದವು: ಹಿಂದೂ. ದಹನ. ಸಮಾಧಿ ಇಲ್ಲ. ಆ ದಿನ ಕಾಶವ್ವ ಉಣ್ಣಲಿಲ್ಲ.

ಸಾಕ್ಷಿ ನೆಹರು ನಗರದ ಆಸ್ಪತ್ರೆಯೊಂದರ ದಾಖಲೆ ವಿಭಾಗದವಳು. ಒಬ್ಬನೇ ರೋಗಿಯ ಎರಡು ಹಾಳೆ ಎರಡು ಮಾತಾಡುವುದನ್ನು ದಿನಾ ಕಂಡವಳು. ಮತ್ತೆ ಬರೆದಳು, ಮತ್ತೆ ಮತ್ತೆ ಬರೆದಳು. ಕೊನೆಗೆ ಸಿಕ್ಕಿದ್ದು ಪಲ್ಟನ್ನಿನ ಶಿಕ್ಷೆ ಪುಸ್ತಕದ ಒಂದು ಪುಟ. ಅದರಲ್ಲಿದ್ದ ಹೆಸರು, ಊರು ಹಿಡಿದೇ ಈ ಮನೆ ಹುಡುಕಿ ಬಂದಿದ್ದರು. ಈಗ ಅದನ್ನೇ ಬಿಡಿಸಿ, ಕನ್ನಡ ಮಾಡಿ ಓದಿದಳು.

"ಲಾನ್ಸ್ ನಾಯಕ ಪರಶರಾಮ, ಖಾನಾಪುರ. ಗುಂಡು ಹಾರುತ್ತಿರುವಾಗ ಆಜ್ಞೆ ಮೀರಿ, ಸುಡಬೇಕಾಗಿದ್ದ ಸಿಪಾಯಿ ಗುರುಪುತ್ರಪ್ಪನ ಶವವನ್ನು ಕುಳಿತ ಭಂಗಿಯಲ್ಲಿ ಹೂಳಲು ಒಂದು ತಾಸು ಕಳೆದ. ಕಾರಣ ಕೇಳಿದರೆ 'ಅವರಲ್ಲಿ ಸುಡೂದಿಲ್ಲ' ಎಂದ. ತಪ್ಪೊಪ್ಪಿಕೊಳ್ಳಲಿಲ್ಲ. ತೋಳಿನ ದರ್ಜೆ ಪಟ್ಟಿ ಕಿತ್ತುಕೊಳ್ಳಲಾಗಿದೆ."

ದಿಗಂಬರ ಈಗ ಕೈಚಾಚಿ ಕಾಗದ ತೆಗೆದುಕೊಂಡ. "ಇಷ್ಟ ಏನ್ರೀ?"

"ಇಷ್ಟ."

"ಊರಾಗ ಮಂದಿ ಏನಂತಿದ್ರು ಗೊತ್ತೇನ್ರೀ? ಸಾಹೇಬನ ಡಬ್ಬಿ ಹಾಲು ಕದ್ದ, ಅದಕ್ಕ ಪಟ್ಟಿ ಹೋತು ಅಂತ. ನಾ ಸಾಲಿಗೆ ಹೋಗೂ ಮುಂದ 'ಏ ಡಬ್ಬಿ ಹಾಲು, ಬಾರಲೇ' ಅಂತಿದ್ರು. ಅಜ್ಜನ್ನ ಕೇಳಿದ್ರ ನಗತಿದ್ದ. ಒಂದ್ ಮಾತರೆ ಹೇಳಬೇಕಿಲ್ಲೋ?"

"ಹೆಣಾ ಮಣ್ಣು ಮಾಡಿದ್ದನ್ನ ಯಾರರೆ ಹೇಳ್ಕೊಂಡು ತಿರಗತಾರೇನೋ?" ಒಳಗಿನಿಂದ ಅವನ ತಾಯಿ ರಾಧಾಬಾಯಿ ಬಂದಳು. ಕಾಶವ್ವನ ಹಣೆಯ ವಿಭೂತಿಯನ್ನೇ ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ ಅವಳ ಕೈ ಹಿಡಿದಳು. "ಅವ್ವಾರ, ನೀವು ಈಬತ್ತಿ ಹಚ್ಚೂ ಮಂದಿ. ಹಿತ್ತಲಕ ಬರ್ರಿ."

ಹಿತ್ತಲಲ್ಲಿ ಹಲಸಿನ ಮರದ ಬುಡಕ್ಕೆ ಮೊಣಕಾಲೆತ್ತರದ ಒಂದು ಕಲ್ಲು. ಅದರ ಮೇಲೆ ಅಂದೇ ಬಳಿದ ವಿಭೂತಿಯ ಮೂರು ಬೆರಳು.

"ನಾ ಈ ಮನಿಗೆ ಬಂದಾಗ ಕುಂಕುಮ ಹಚ್ಚಾಕ ಹೋದ್ನಿ. ಮಾವನಾರು ಕೈ ಹಿಡದ್ರು. ಇದಕ್ಕ ಈಬತ್ತಿ ಅಷ್ಟ ಅಂದ್ರು. ನಮ್ಮನ್ಯಾಗ ಕುರಿ ಬೇಯಿಸಿದ ದಿನ ಹೊಗಿ ಸುದ್ದಾ ಈ ಕಡೆ ಬರಬಾರದು. ಇದಕ್ಕ ಹುಗ್ಗಿ. ಯಾವ ದೇವ್ರರೀ ಮಾವಾ ಅಂದ್ರ, 'ದೇವ್ರಲ್ಲ, ದೋಸ್ತ' ಅಂತಿದ್ರು. ಬುಡಕ ತಂಬಾಕಿನ ಡಬ್ಬಿ ಹುಗದಾರ. 'ಅದರಾಗ ಅವನ ಸಮಾಧಿ ಮಣ್ಣೈತಿ. ಬೆಳಗಾವ್ಯಾಗ ಅವನ ಮನಿಗೆ ಹೋದ್ನಿ, ಬೀಗ ಇತ್ತು. ಕೇಳಾಕ ಬಂದವರಿಗೆ ಕೊಡು' ಅಂದಿದ್ರು. ಯಾರ ಬರತಾರಂತ ಕೇಳೂದು?"

"ನಮ್ಮವ್ವ ನನ್ನ ಬಗಲಾಗ ಹಾಕ್ಕೊಂಡು ತವರಿಗೆ ಹೋಗಿದ್ಲವಾ," ಎಂದಳು ಕಾಶವ್ವ.

ದಿಗಂಬರ ಓಡಿಹೋಗಿ ಕಬ್ಬಿಣದ ಹಾರೆ ತಂದ. ಕಲ್ಲಿನ ಬುಡಕ್ಕೆ ಹಾಕಿ ಮೀಟಲು ಬಾಗಿದ.

"ಬ್ಯಾಡಪಾ!" ಕಾಶವ್ವ ಹಾರೆಯನ್ನು ಹಿಡಿದಳು. "ಕುಂತಾನ. ಎಬ್ಬಸಬ್ಯಾಡ."

ಕಲ್ಲಿನ ಮುಂದೆ ಅವಳೂ ಕೂತಳು. ಬುಡದ ತರಗೆಲೆ ಬದಿಗೆ ಸರಿಸುತ್ತ ಕೇಳಿದಳು, "ನಿಮ್ಮ ಮಾವನಾರ ಸಮಾಧಿ ಎಲ್ಲೈತಿ?"

"ನಮ್ಮೊಳಗ ಸುಡತಾರಲ್ರೀ. ಬೂದಿ ಮಲಪ್ರಭಾದಾಗ ಬಿಟ್ವಿ. ಒಂದ್ ಫೋಟೋ ಐತಿ ನೋಡ್ರಿ."

ಫೋಟೋ ಗೋಡೆಯ ಮೇಲಿರಲಿಲ್ಲ. ಪೆಟ್ಟಿಗೆಯ ತಳದಿಂದ ತಂದು ದಿಗಂಬರ ಗಾಜನ್ನು ತನ್ನ ಅಂಗಿಯಿಂದ ಒರೆಸಿದ. ವರ್ದಿಯಲ್ಲಿ ನಿಂತ ತೆಳ್ಳನೆಯ ಮನುಷ್ಯ. ತೋಳಿನ ಮೇಲೆ ಪಟ್ಟಿ ಕಿತ್ತ ಜಾಗ ಮಾತ್ರ ಬಿಸಿಲು ಕಾಣದೆ ಕಪ್ಪಗೆ ಉಳಿದಿತ್ತು. ಆ ತೋಳನ್ನೇ ಕ್ಯಾಮೆರಾಕ್ಕೆ ತಿರುಗಿಸಿ ನಿಂತಿದ್ದ, ತಲೆ ಎತ್ತಿಕೊಂಡು.

ಕಾಶವ್ವ ಕಲ್ಲಿನ ಮೇಲಿನ ವಿಭೂತಿಗೆ ಮೂರು ಬೆರಳು ಒತ್ತಿದಳು. ಫೋಟೋದ ಮೇಲೆ, ಸರಿಯಾಗಿ ಆ ಕಪ್ಪು ಜಾಗದ ಮೇಲೆ, ಎಳೆದಳು.

ದಿಗಂಬರ ಬಾಗಿ ಆ ಗೆರೆಗಳನ್ನು ಎಣಿಸಿದ. ಆಮೇಲೆ ಅಂದ, "ಅವ್ವಾರ, ಅಜ್ಜಂದು ಒಂದ ಪಟ್ಟಿ ಕಿತ್ತಿದ್ರು. ನೀವು ಮೂರು ಹಾಕಿದ್ರಿ. ಮೂರು ಅಂದ್ರ ಹವಾಲ್ದಾರ."

"ಆಗ್ಲಿ ಬಿಡಪಾ," ಎಂದಳು ಕಾಶವ್ವ, ಬೆರಳು ತೆಗೆಯದೆ. "ಎಂಬತ್ತು ವರ್ಷ ನಮ್ಮಪ್ಪನ್ನ ಕಾಯ್ದ ಋಣ ಒಂದ ಪಟ್ಟಿಗೆ ತೀರತೈತೇನು?"