ತಂಬೂರಿಯ ಅಂಟು

ಮೂರನೆಯ ತಂತಿಯ ಬಿರಡೆಯನ್ನು ಇನ್ನೊಂದು ಸುತ್ತು ತಿರುವಿದ್ದೇ ತಡ, ತಂಬೂರಿಯ ದಂಡ ಬುರುಡೆಯಿಂದ ಕಿತ್ತು ಬಂದು ವೃಂದಾಳ ಮೊಣಕಾಲಿಗೆ ಬಡಿಯಿತು. ತಂತಿಗಳು ಸಡಿಲಾಗಿ ಫರಸಿ ನೆಲದ ಮೇಲೆ ಬಿದ್ದವು. ಬುರುಡೆಯ ಕೊರಳಲ್ಲಿ ಬೆರಳುದ್ದದ ಸೀಳು. ಅವಳು ಅದರ ಮೇಲೆ ಹೆಬ್ಬೆರಳು ಆಡಿಸಿ ನೋಡಿದಳು. ಅಳು ಬರಲಿಲ್ಲ.

ಮಳಖೇಡದ ಪ್ರವಚನಕ್ಕೆ ಹೊರಡಲು ಶಲ್ಯ ಹೊದೆಯುತ್ತಿದ್ದ ಅವಳ ತಂದೆ ಪ್ರಹ್ಲಾದಾಚಾರ್ಯರು ಬಾಗಿಲಿಗೆ ಬಂದು ನೋಡಿದರು.

“ಅವಸರ ಮಾಡ್ದಿ. ಅಂಟು ಇನ್ನೂ ನಾಕು ದಿನ ಒಣಗಬೇಕಿತ್ತು.”

“ಹದಿನೈದು ದಿನ ಆತು ಅಪ್ಪ.”

“ಹಂಗಾದ್ರ ನಿನ್ನ ಕೈ ಬಿರುಸು. ಹೋಗ್ಲಿ ಬಿಡು, ಮನ್ಯಾಗ ಪೇಟಿ ಇಲ್ಲೇನು?”

ಹಾರ್ಮೋನಿಯಂ ಪೇಟಿ ಇತ್ತು. ಹತ್ತೊಂಬತ್ತು ವರ್ಷಗಳಿಂದ ಅವಳು ಅದರ ಹಿಂದೆ ಕುಳಿತು ಅಪ್ಪನ ಶ್ರುತಿಯಲ್ಲೇ ದೇವರನಾಮ ಹಾಡುತ್ತಿದ್ದಳು. ಅದು ಗಂಡಸಿನ ಕೊರಳಿಗೆ ಹೊಂದುವ ಶ್ರುತಿ. ಕೆಳಗಿನ ಸ್ವರಗಳಿಗೆ ಇಳಿದಾಗ ಅವಳ ದನಿ ಬರೀ ಉಸಿರಾಗಿಬಿಡುತ್ತಿತ್ತು. ಆಚಾರ್ರ ಮಗಳ ದನಿ ಸಣ್ಣದು ಎಂದು ಸೇಡಂ ಊರಿನವರೆಲ್ಲ ತೀರ್ಮಾನಿಸಿದ್ದರು. ಅದು ಸಣ್ಣದಲ್ಲ ಎಂಬುದು ಅವಳು ಪಾಠ ಹೇಳುವ ಕುರಕುಂಟಾ ಶಾಲೆಯ ಖಾಲಿ ಕೋಣೆಗೆ ಮಾತ್ರ ಗೊತ್ತಿತ್ತು. ತನ್ನ ಶ್ರುತಿಗೆ ತಾನೇ ಹಿಡಿದು ನುಡಿಸುವ ಒಂದು ತಂಬೂರಿ ಬೇಕೆಂದು ಅವಳು ಮಿರಜಿನ ವಾದ್ಯದ ಅಂಗಡಿಗೆ ಕಾಗದ ಬರೆದಿದ್ದಳು. ಜೋಡಿಸಿದ್ದು ರೈಲಿನಲ್ಲಿ ಒಡೆಯುತ್ತದೆ, ಬಿಡಿ ಭಾಗಗಳನ್ನು ಕಳಿಸುತ್ತೇವೆ, ಮನೆಯಲ್ಲೇ ಕೂಡಿಸಿಕೊಳ್ಳಿ ಎಂದು ಅಂಗಡಿಯವರು ಉತ್ತರಿಸಿದ್ದರು. ವಾಡಿ ಸ್ಟೇಷನ್ನಿಗೆ ಹೋಗಿ ಪೆಟ್ಟಿಗೆ ಬಿಡಿಸಿಕೊಂಡು, ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳು.

ಪೆಟ್ಟಿಗೆಯಲ್ಲಿದ್ದ ಮರಾಠಿ ಹಾಳೆಯನ್ನು ಅಪ್ಪನೇ ಓದಿ ಅರ್ಥ ಹೇಳಿದ್ದರು. ಒಂದು ಸಾಲಿಗೆ ಬಂದು ನಿಂತರು. ಸರೇಸು ಹಚ್ಚಬೇಕು ಎಂದಿತ್ತು. ದನದ ಚರ್ಮ ಕುದಿಸಿ ತೆಗೆದ ಅಂಟು. ಪೆಟ್ಟಿಗೆಯಲ್ಲೇ ಬಂದಿದ್ದ ಅದರ ಪುಡಿಕೆಯನ್ನು ಎರಡು ಬೆರಳಲ್ಲಿ ಹಿಡಿದು ಹಿತ್ತಲಿನ ಗೋಡೆಯಾಚೆ ಎಸೆದು, ಸ್ನಾನ ಮಾಡಿ ಬಂದರು. ಆಮೇಲೆ ಬಜಾರಿನಿಂದ ಜಾಲಿ ಅಂಟು ತಂದು, ನೀರಲ್ಲಿ ಕರಗಿಸಿ, ತಾವೇ ಹಚ್ಚಿದರು. ವೃಂದಾ ಪಕ್ಕದಲ್ಲಿ ದಂಡ ಹಿಡಿದು ನಿಂತಿದ್ದಳು. ಒಂದು ಮಾತೂ ಆಡಿರಲಿಲ್ಲ. ಈಗ ಅವಳಿಗೆ ಅಪ್ಪನಿಗಿಂತ ಹೆಚ್ಚು ಆ ಮೌನದ ಮೇಲೆಯೇ ಸಿಟ್ಟು ಬರುತ್ತಿತ್ತು.

ಅವರು ಬಸ್‌ಸ್ಟ್ಯಾಂಡಿನ ಕಡೆ ಹೋದ ಮೇಲೆ ಅವಳು ಬುರುಡೆಯನ್ನೂ ದಂಡವನ್ನೂ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬಡಿಗ ಮಜೀದಸಾಬನ ಅಂಗಡಿಗೆ ನಡೆದಳು. ಮಜೀದಸಾಬ ದಂಡ ಬುರುಡೆಗೆ ಕೂಡುವಲ್ಲಿ ಉಗುರಿನಿಂದ ಕೆರೆದು, ಬಂದ ಚೂರನ್ನು ನಾಲಿಗೆಗೆ ಮುಟ್ಟಿಸಿಕೊಂಡ.

“ಅಕ್ಕೋರ, ಇದು ಬಾಣಂತಿ ಉಂಡಿಗಿ ಹಾಕೋ ಅಂಟು. ತಿಂದ್ರ ಸೊಂಟಕ್ಕ ಬಲ ಬರ್ತದ. ನಿಮ್ಮ ತಂಬೂರಿ ಏನರ ಹಡದದೇನು?”

ವೃಂದಾ ನಗಲಿಲ್ಲ. “ಸರೇಸ ಹಚ್ಚಿದ್ರ ಮೈಲಿಗಿ ಆಗ್ತದಂತ ಅಪ್ಪ ಅಂದ್ರು.”

“ಆಚಾರ್ರ?” ಮಜೀದಸಾಬ ಉಳಿ ಕೆಳಗಿಟ್ಟ. “ಅವ್ರ ಪೇಟಿ ಎರಡು ಸಲ ನಾನೇ ಬಿಚ್ಚಿ ಕೂಡ್ಸೀನಿ. ಗಾಳಿ ಹಾಕೋ ಮಡಿಕಿ ಒಳಗೆಲ್ಲಾ ಚರ್ಮದ ಪಟ್ಟಿ ಅದ. ಹಚ್ಚಿದ್ದೂ ಇದೇ ಸರೇಸ.”

“ಅವ್ರಿಗಿ ಗೊತ್ತಿಲ್ಲೇನು?”

“ಗೊತ್ತಿಲ್ದೇನ್ರಿ. ಏನು ಹಚ್ಚತಿ ಅದನ್ನ ನನ್ನ ಮುಂದ ಹೇಳಬ್ಯಾಡ, ನಿನ್ನ ಅಂಗಡ್ಯಾಗೇ ಮುಗಿಸಿ ಕಳಸು ಅಂದಿದ್ರು.”

ಅವಳ ಮುಖ ನೋಡಿ ಮಜೀದಸಾಬ ದನಿ ತಗ್ಗಿಸಿದ. “ಇದನ್ನೂ ಇಲ್ಲೇ ಬಿಟ್ಟು ಹೋಗ್ರಿ. ಸಂಜೀತನ ಕೂಡಿಸಿ ಕೊಡ್ತೀನಿ. ಸೀಳೂ ಮುಚ್ಚತದ. ಯಾರಿಗೂ ಗೊತ್ತಾಗಂಗಿಲ್ಲ.”

“ಬ್ಯಾಡ. ಒಂದು ಮುಷ್ಟಿ ಸರೇಸ ಕೊಡ್ರಿ. ಹೆಂಗ ಕಾಸೋದು ಹೇಳ್ರಿ.”

“ಒಂದು ತಾಸು ನೆನಿ ಹಾಕ್ರಿ. ನೇರ ಉರಿಗಿ ಇಡಬ್ಯಾಡ್ರಿ, ದೊಡ್ಡ ಭಾಂಡ್ಯಾದ ನೀರಾಗ ಸಣ್ಣದಿಟ್ಟು ಕಾಸ್ರಿ. ಮತ್ತ ಭಾಳ ನಾರತದ ನೋಡ್ರಿ. ಹಿತ್ತಲದಾಗ ಮಾಡ್ಕೋರಿ.”

ಅವಳು ಹಿತ್ತಲಿಗೆ ಹೋಗಲಿಲ್ಲ. ಸರೇಸು ನೆನೆಯುವಷ್ಟರಲ್ಲಿ ತಲೆಗೆ ನೀರು ಹಾಕಿಕೊಂಡು, ಗಳದ ಮೇಲೆ ಒಣಗಿದ್ದ ಮಡಿಸೀರೆ ಉಟ್ಟಳು. ದಿನವೂ ಶಾಲೆಗೆ ಹೋಗುವ ಮೊದಲು ತಾನೇ ಅನ್ನ ಬೇಯಿಸುವ ಒಲೆ ಹೊತ್ತಿಸಿ, ದೊಡ್ಡ ಪಾತ್ರೆಯ ನೀರಿನಲ್ಲಿ ನೈವೇದ್ಯದ ತಪ್ಪೇಲಿಯನ್ನೇ ಇಟ್ಟು ಅಂಟು ಕಾಸಿದಳು. ಹಸಿ ಚರ್ಮದ ನಾತ ಅಡುಗೆಮನೆ ದಾಟಿತು, ದೇವರ ಕೋಣೆ ದಾಟಿತು, ಪಡಸಾಲೆಯಲ್ಲಿ ಪೇಟಿ ಇಟ್ಟಿದ್ದ ಮೂಲೆಯವರೆಗೂ ಹೋಯಿತು. ಅವಳು ಕಿಟಕಿ ತೆಗೆಯಲಿಲ್ಲ. ಬಿಸಿ ಅಂಟನ್ನು ಬುರುಡೆಯ ಕೊರಳಿಗೆ ಬಳಿದು, ದಂಡವನ್ನು ಒತ್ತಿ ಕೂಡಿಸಿ, ಹರಿದ ಸೀರೆಯ ಪಟ್ಟಿಯಿಂದ ಬಿಗಿಯತೊಡಗಿದಳು.

“ಏನು ನಾರ್ಲಿಕತ್ತದ ಇದು?”

ಮಳಖೇಡದಿಂದ ಮರಳಿದ್ದ ಪ್ರಹ್ಲಾದಾಚಾರ್ಯರು ಶಲ್ಯವನ್ನು ಮೂಗಿಗೆ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದರು. ಒಲೆ ನೋಡಿದರು. ತಪ್ಪೇಲಿ ನೋಡಿದರು.

“ಆ ಒಲೀ ಮ್ಯಾಲೆ. ಆ ತಪ್ಪೇಲ್ಯಾಗ. ತಲಿ ಕೆಟ್ಟದೇನು ನಿನಗ? ತಗೀ ಅದನ್ನ. ಇಲ್ಲಾ ನಾನೇ ತಗದು ಒಗೀತೀನಿ.” ಅವರು ಒಳಗೆ ಬರಲು ಕಾಲೆತ್ತಿದರು.

ವೃಂದಾ ಪಟ್ಟಿಯ ಕೊನೆಯ ಗಂಟು ಹಾಕುತ್ತಿದ್ದಳು. ತಲೆ ಎತ್ತಲಿಲ್ಲ, ದನಿಯನ್ನೂ ಏರಿಸಲಿಲ್ಲ.

“ಅಲ್ಲೇ ನಿಂದ್ರಿ ಅಪ್ಪ. ನೀವು ಬಸ್ಸಿನ್ಯಾಗ ಬಂದೀರಿ. ನಾ ಮಡೀಲೆ ಇದ್ದೀನಿ.”

ಹೊಸ್ತಿಲ ಮೇಲೆ ಎತ್ತಿದ್ದ ಕಾಲು, ಅವರು ಯೋಚಿಸುವ ಮೊದಲೇ, ಹಿಂದಕ್ಕೆ ಸರಿಯಿತು.