ಏಳನೆಯ ದಿನವನ್ನು ಇಡುವ ಜಾಗ

ಒಂದು ಊರಿನಲ್ಲಿ ಒಬ್ಬ ಹೆಂಗಸಿದ್ದಳಂತೆ. ಅವಳ ಆರು ದಿನಗಳನ್ನು ಗೇರುಬೀಜ ತಿಂದುಹಾಕುತ್ತಿತ್ತಂತೆ. ಏಳನೆಯದನ್ನು ಮಾತ್ರ ಸರಕಾರ ಅವಳ ಕೈಗೇ ಕೊಟ್ಟು, ಇದು ನಿನ್ನದು ಎಂದಿತಂತೆ. ಅದನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲವಂತೆ. ಊರು ಹಳದೀಪುರ. ಹೆಂಗಸು ಗಣಪಿ. ನಡೆದದ್ದು ಮೊನ್ನೆ ಮೊನ್ನೆ.

ಹೆದ್ದಾರಿ ಬದಿಯ ಕಮಲಾಕರನ ಗೇರುಬೀಜದ ಶೆಡ್ಡಿಗೆ ರವಿವಾರ ರಜೆ. ಹಾಗೆಂದು ಬಾಗಿಲ ಮೇಲೆ ದೊಡ್ಡ ಬೋರ್ಡೇ ಇದೆ. ಆದರೆ ಒಂದು ರವಿವಾರ ಆ ದಾರಿಯಲ್ಲಿ ಹೋಗುತ್ತಿದ್ದ ಕಾರ್ಮಿಕ ಇಲಾಖೆಯ ಸಾಹೇಬರಿಗೆ ಬೋರ್ಡಿನ ಕೆಳಗೆ, ಮೂತಿ ರಸ್ತೆಯ ಕಡೆ ಮಾಡಿ ಜೋಡಿಸಿಟ್ಟ ಒಂದು ಜೊತೆ ಚಪ್ಪಲಿ ಕಂಡಿತು. ಕರೆದರೆ ಒಳಗಿನಿಂದ ಸೆರಗು ಸರಿಮಾಡಿಕೊಳ್ಳುತ್ತ ಗಣಪಿ ಬಂದಳು. ಏನು ಮಾಡುತ್ತಿದ್ದೆ ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ರಜೆಯ ದಿನ ಕೆಲಸಗಾರಳು ಶೆಡ್ಡಿನೊಳಗೆ ಕಂಡರೆ ದುಡಿಸಿಕೊಂಡಂತೆಯೇ ಲೆಕ್ಕ, ಇನ್ನೊಮ್ಮೆ ಕಂಡರೆ ಕೇಸು ಎಂದು ಸಾಹೇಬರು ಕಮಲಾಕರನಿಗೆ ಹೇಳಿ ಹೋದರು.

ಸಂಬಳದ ಲೆಕ್ಕ ನೋಡಲು ಹೊಸದಾಗಿ ಸೇರಿದ್ದ ಸುಶ್ಮಿತಾಳ ಮುಂದೆ ಕಮಲಾಕರ ಗೋಳು ತೋಡಿಕೊಂಡ.

"ಇಎಸ್‌ಐ ಕಟ್ಟೂದು ಕಲ್ತೆ, ಪಿಎಫ್ ಕಟ್ಟೂದು ಕಲ್ತೆ, ವೃತ್ತಿ ತೆರಿಗೆ ಕಟ್ಟೂದೂ ಕಲ್ತೆ. ಈ ಗಣಪಕ್ಕನ್ನ ಮನೇಲಿ ಕಟ್ಟಿಹಾಕೂದು ಹ್ಯಾಂಗೆ ಅಂತ ಯಾವ ಕಾಯ್ದೇಲೂ ಬರೀಲಿಲ್ಲ ನೋಡು." ದನಿ ಇಳಿಸಿ ಸೇರಿಸಿದ: "ಮತ್ತೆ ಬಂದ್ರೆ ಕೆಲ್ಸದಿಂದ ತೆಗೀದೆ ಬೇರೆ ದಾರಿ ಇಲ್ಲ."

ಶೆಡ್ಡು ಶುರುವಾದಾಗಿನಿಂದ ಇದ್ದವಳು ಗಣಪಿ. ಬೆಳಿಗ್ಗೆ ಬಾಗಿಲು ತೆಗೆಯುವವಳೂ ಅವಳೇ, ಬೀಗದ ಕೈ ಇರುವುದೂ ಅವಳ ಸೊಂಟದಲ್ಲೇ. ತೆಗೆಯುವುದು ಬೇಡ, ಇನ್ನು ರವಿವಾರ ಅವಳ ಚಪ್ಪಲಿ ಇಲ್ಲಿ ಕಾಣದ ಹಾಗೆ ಮಾಡುವುದು ನನಗಿರಲಿ ಎಂದು ಸುಶ್ಮಿತಾ ಮಾತು ಕೊಟ್ಟುಬಿಟ್ಟಳು. ಕೊಟ್ಟದ್ದು ಅರ್ಧ ಕನಿಕರಕ್ಕೆ, ಅರ್ಧ ಕುತೂಹಲಕ್ಕೆ. ಅವಳ ಅಜ್ಜಿಯ ಕಥೆಗಳಲ್ಲಿ ಆರು ಕೋಣೆಗಳನ್ನು ತೆರೆಯಬಹುದಿತ್ತು, ಏಳನೆಯದರ ಬಾಗಿಲು ಮಾತ್ರ ಮುಟ್ಟಬಾರದಿತ್ತು. ಮುಟ್ಟದೆ ಬಿಟ್ಟ ರಾಜಕುಮಾರಿ ಒಬ್ಬಳೂ ಇರಲಿಲ್ಲ. ಗಣಪಿ ಕದ್ದು ನಾಲ್ಕು ಕಿಲೋ ಹೆಚ್ಚಿಗೆ ಸುಲಿಯುತ್ತಾಳೋ, ಯಾರನ್ನಾದರೂ ಕಾಯುತ್ತಾಳೋ, ಬೀಜದ ರಾಶಿಯಡಿ ಏನನ್ನಾದರೂ ಹುಗಿದಿಟ್ಟಿದ್ದಾಳೋ ಎಂದು ವಾರವಿಡೀ ಊಹಿಸಿದ್ದೇ ಊಹಿಸಿದ್ದು.

ರವಿವಾರ ಚಪ್ಪಲಿ ಅಲ್ಲೇ ಇತ್ತು. ಸುಶ್ಮಿತಾ ಮೆಲ್ಲಗೆ ಕದ ದೂಡಿದಳು. ಸುಲಿಯುವ ಚೂರಿಗಳೆಲ್ಲ ಗೋಡೆಯ ಮೇಲೆ ಒಣಗಿ ತೂಗುತ್ತಿದ್ದವು. ಖಾಲಿ ಗೋಣಿಚೀಲಗಳ ಮೇಲೆ ಗಣಪಿ ಅಂಗಾತ ಮಲಗಿದ್ದಳು. ಕಾಲ ಮೇಲೆ ಕಾಲು, ಗೇರೆಣ್ಣೆಗೆ ಕಪ್ಪಾದ ಬೆರಳುಗಳು ಹೊಟ್ಟೆಯ ಮೇಲೆ. ಮಾಡಿನ ತೂತಿನಿಂದ ಇಳಿದ ಬಿಸಿಲಕೋಲು ನೆಲದ ಮೇಲೆ ಸರಿಯುವುದನ್ನೇ ನೋಡುತ್ತಿದ್ದಳು.

"ಎಂತ ಮಾಡ್ತಾ ಇದ್ರಿ ಗಣಪಕ್ಕ?"

"ರಜೆ ಮಾಡ್ತೆ ಇದ್ದೆ. ಕಾಣೂದಿಲ್ವಾ?"

ಮನೆಯಲ್ಲೇ ಮಾಡಬಹುದಲ್ಲ ಎಂದರೆ ಗಣಪಿ ನಕ್ಕಳು. ತಾನು ಕೂತದ್ದು ಕಂಡರೆ ಸಾಕು, ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೆಲಸ ನೆನಪಾಗುತ್ತದೆ. ತಂಗಿಯ ಮನೆಗೆ ಹೋದರೆ ದೋಸೆಗೆ ಬೀಸಿಕೊಡು ಎನ್ನುತ್ತಾರೆ, ನೆರೆಮನೆಗೆ ಹೋದರೆ ತೆಂಗಿನ ಗರಿಯ ಮಡ್ಲು ಹೆಣೆಯಲು ಕೊಡುತ್ತಾರೆ. ದೇವಸ್ಥಾನದ ಕಟ್ಟೆಯ ಮೇಲೆ ಕೂತರೆ ಹೂವಿನ ಬುಟ್ಟಿಯೇ ಮಡಿಲಿಗೆ ಬಂದು ಬೀಳುತ್ತದೆ.

"ಇಲ್ಲಿ ರಜೆ ಅಂತ ಬೋರ್ಡು ಹಾಕಿದ್ರು," ಎಂದಳು. "ನಮ್ಮನೆ ಬಾಗ್ಲಿಗೆ ಯಾರು ಹಾಕಿದ್ರು?"

ಸಾಹೇಬರಿಗೆ ಇದನ್ನೇ ಹೇಳಬಹುದಿತ್ತಲ್ಲ ಎಂದಳು ಸುಶ್ಮಿತಾ. ಸುಮ್ಮನೆ ಮಲಗಲು ಬಂದೆ ಎನ್ನಲು ನಾಚಿಕೆಯಾಯಿತಂತೆ. ಕೊನೆಗೆ ಕಮಲಾಕರ ಹೇಳಿದ್ದನ್ನೂ ಹೇಳಬೇಕಾಯಿತು. ಕೆಲಸ ಹೋಗುತ್ತದೆಂಬ ಮಾತು ಕೇಳಿ ಗಣಪಿ ಎದ್ದು ಕೂತಳು. ಬಿಸಿಲಕೋಲು ಅವಳ ಪಾದದ ತನಕ ಬಂದಿತ್ತು.

"ಹಂಗಾರೆ ನಾ ಎಲ್ಲಿಗೆ ಹೋಗೂದು ತಂಗೀ?"

ಹೊರಗೆ ಹೊನ್ನಾವರದ ಸರಕಾರಿ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು. ಅದರ ಸದ್ದು ಅಡಗುವ ಮೊದಲೇ ಸುಶ್ಮಿತಾ ಶೆಡ್ಡಿನ ಮೂಲೆಯ ತನ್ನ ಮೇಜಿನ ಖಾನೆ ಎಳೆದು, ಇಎಸ್‌ಐಗೆಂದು ತರಿಸಿಟ್ಟಿದ್ದ ಗಣಪಿಯ ಆಧಾರ್ ಕಾರ್ಡನ್ನು ಹುಡುಕಿ ತೆಗೆದಳು. ಆ ಕಾರ್ಡು ತೋರಿಸಿದರೆ ಸಾಕು, ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿ ಎಷ್ಟು ಕಾಲವಾಯಿತು! ಗಣಪಿ ಹತ್ತಿದ್ದು ಮದುವೆಗೆ, ಆಸ್ಪತ್ರೆಗೆ, ಅಷ್ಟೇ. ಇಬ್ಬರೂ ಹೊರಗೆ ಬಂದರು, ಶೆಡ್ಡಿನ ಬೀಗ ಅವಳೇ ಹಾಕಿದಳು.

ಹೊನ್ನಾವರದಲ್ಲಿ ಇಳಿದು ಗೇರುಸೊಪ್ಪದ ಬಸ್ಸು ಹತ್ತಿದರು. ಗಣಪಿಗೆ ಕಿಟಕಿಯ ಸೀಟು. ಕಾಲು ಮೇಲೆ ಮಡಚಿಟ್ಟುಕೊಂಡಳು. ಮೊದಲು ಸ್ವಲ್ಪ ಹೊತ್ತು, ಯಾರಾದರೂ ಏನಾದರೂ ಕೆಲಸ ಹೇಳಿಯಾರೆಂಬಂತೆ ಹಿಂದೆ ಮುಂದೆ ನೋಡಿದಳು. ಯಾರೂ ಏನೂ ಹೇಳಲಿಲ್ಲ. ಶರಾವತಿ ಕಿಟಕಿಯ ಪಕ್ಕದಲ್ಲೇ ಬರುತ್ತಿತ್ತು. ನದಿ ನೋಡುತ್ತ ನೋಡುತ್ತ ಅವಳಿಗೆ ನಿದ್ದೆ ಹತ್ತಿತು.

ಗೇರುಸೊಪ್ಪದಲ್ಲಿ ಕಂಡಕ್ಟರ್ ಬಂದು ಎಬ್ಬಿಸಿದ. ಇಳಿಯುವುದಿಲ್ಲ, ಇದೇ ಬಸ್ಸಿಗೆ ವಾಪಸ್ಸು ಎಂದಳು ಗಣಪಿ.

"ಮತ್ತೆ ಇಲ್ಲೀವರೆಗೆ ಬಂದದ್ದು ಎಂತ ಕೆಲ್ಸಕ್ಕೆ?"

"ಎಂತ ಕೆಲ್ಸಕ್ಕೂ ಅಲ್ಲ," ಎಂದಳು ಗಣಪಿ. ಈ ಸಲ ನಾಚಲಿಲ್ಲ. ಮತ್ತೆ ಕಿಟಕಿಗೆ ಒರಗಿದಳು.

ಅಷ್ಟರಲ್ಲಿ ಸುಶ್ಮಿತಾಳ ಫೋನು ಬಡಿದುಕೊಂಡಿತು. ಕಮಲಾಕರ. ಶೆಡ್ಡಿನ ಮುಂದೆಯೇ ನಿಂತಿದ್ದನಂತೆ. ಬೀಗ ಹಾಕಿದೆ, ಚಪ್ಪಲಿ ಕಾಣುವುದಿಲ್ಲ, ಮನೆಯಲ್ಲೂ ಇಲ್ಲವಂತೆ, ಎಲ್ಲಿ ಹೋದಳು ಮಾರಾಯ್ತಿ ಎಂದು ಕೇಳುತ್ತಿದ್ದ.

ಸುಶ್ಮಿತಾ ಬಗ್ಗಿ ಸೀಟಿನಡಿ ನೋಡಿದಳು. ಚಪ್ಪಲಿ ಅಲ್ಲಿತ್ತು, ಶೆಡ್ಡಿನ ಬಾಗಿಲಲ್ಲಿ ಬಿಡುವ ಹಾಗೆಯೇ, ಜೋಡಿಯಾಗಿ, ಮೂತಿ ಹೊರಗೆ ಮಾಡಿ.