ಕೇರಿಗೊಂದು ಬಟ್ಟಲು ತಂಬುಳಿ

ಮೇಲಿನ ಬಿಸಿಲು ತಾಳಲಾಗದೆ ಊರೆಲ್ಲ ನೆಲದೊಳಗೆ ಇಳಿದಿತ್ತು. ಅಲ್ಲಿನ ಗಾಳಿ ಜನರ ನೆನಪನ್ನು ಮೆಲ್ಲಗೆ ಮೇಯುತ್ತಿತ್ತು. ಅದನ್ನು ತಡೆಯುವ ಒಂದೆಲಗದ ಸೊಪ್ಪು ದೀಪದ ಬೆಳಕಿನಲ್ಲಿ ಕೇರಿಗೊಬ್ಬರಿಗೆ ಸಾಕಾಗುವಷ್ಟೇ ಬೆಳೆಯುತ್ತಿತ್ತು. ಈ ಕೇರಿಯಲ್ಲಿ ಆ ಪಾಲು ಚಂದ್ರಮತಿಯದು. ಬೆಳಿಗ್ಗೆ ಅವಳು ಆ ಸೊಪ್ಪಿನ ತಂಬುಳಿ ಉಣ್ಣಬೇಕು, ಸಂಜೆ ಮೇಲೆಯೇ ಉಳಿದುಹೋದವರ ಹೆಸರುಗಳನ್ನು ರಾಗವಾಗಿ ಹೇಳಬೇಕು.

“ಕಣ್ಣಿಗೆ ತಂಪು, ಹೊಟ್ಟೆಗೆ ತಂಪು. ಪುಣ್ಯವಂತೆ ಕಣಕ್ಕಾ ನೀನು,” ಎನ್ನುತ್ತಿದ್ದಳು ಬಟ್ಟಲು ತರುವ ಪಕ್ಕದ ಮನೆಯ ಕಾಳಮ್ಮ.

ಆದರೆ ಊರು ಕೆಳಗಿಳಿದು ಮೇಲಿನ ಕದ ಮುಚ್ಚುವಾಗ ಹೊರಗುಳಿದ ಮಗಳು “ಅಮ್ಮಾ” ಎಂದು ಕೂಗಿದ್ದು ಚಂದ್ರಮತಿಗೆ ದಿನವೂ ಹೊಸದಾಗಿ ಕೇಳುತ್ತಿತ್ತು. ತಡೆಯಲಾರದೆ ಅವಳು ತಂಬುಳಿಯನ್ನು ಗುಟ್ಟಾಗಿ ಬಚ್ಚಲಿಗೆ ಸುರಿಯತೊಡಗಿದಳು. ಕೂಗು ತೆಳುವಾಗುತ್ತ ಬಂದು, ಇವತ್ತು ಕೇಳಲೇ ಇಲ್ಲ.

ಸಂಜೆ ಕೇರಿಯವರೆಲ್ಲ ಕೈಮುಗಿದು ಕೂತರು. ಹೆಸರುಗಳು ಒಂದರ ಹಿಂದೊಂದು ಬಂದವು. ಕೊನೆಯದಕ್ಕೆ ರಾಗ ಎತ್ತಿದ ಚಂದ್ರಮತಿ ತಟ್ಟನೆ ನಿಂತಳು. ಅದು ಮಗಳದೆಂದು ಗೊತ್ತು, ಹೆಸರು ಮಾತ್ರ ಬರಲೊಲ್ಲದು.

“ಏನಕ್ಕಾ, ತಂಬುಳಿಗೆ ಉಪ್ಪು ಕಮ್ಮಿ ಆಯ್ತಾ?” ಕಾಳಮ್ಮ ನಕ್ಕಳು.

“ಕೊನೇ ಹೆಸರು ಯಾವುದೇ, ನೀನೇ ಹೇಳು.”

“ನಂಗೆ ಹೆಂಗೆ ಗೊತ್ತಕ್ಕಾ? ನೀನು ಹೇಳಿದ್ರೆ ತಾನೇ ನಮಗೆ?”

ಚಂದ್ರಮತಿ ಎದ್ದು ಪಾತಿಯ ಹತ್ತಿರ ಓಡಿದಳು. ಸೊಪ್ಪನ್ನು ಮಣ್ಣು ಸಮೇತ ಕಿತ್ತು ಬಾಯಿಗೆ ತುರುಕಿಕೊಂಡಳು. ಕಹಿ ಗಂಟಲಿಗೆ ಇಳಿಯಿತು. ಮೊದಲು ಬಂದದ್ದು ಆ ಕೂಗು. ಅವಳು ಕಿವಿ ಮುಚ್ಚಿಕೊಳ್ಳದೆ ಕಾದಳು.

“ವನಜಾಕ್ಷಿ,” ಎಂದು ರಾಗ ಮುಗಿಸಿದಳು.

ಆಮೇಲೆ ಬಾಯಿ ಒರೆಸಿಕೊಂಡು ಹೇಳಿದಳು: “ಕಾಳಮ್ಮಾ, ನಾಳೆಯಿಂದ ನಾನು ಉಂಡು ಮುಗಿಸೋತನಕ ಎದುರಿಗೇ ಕೂತಿರೇ.”